ಆ ಕಡೀನೂ ನಮ್ಮದ

ಕೌಜಲಗಿಯ ಮುರಿಗೆಪ್ಪ ಸಾಹುಕಾರ ಗೋಕಾಕದ ಕೆಂಪವ್ವನಿಗೆ ಒಂದು ದಿನದ ಪಗಾರ ಕೊಡಬೇಕು. ಇನ್ನೂ ಕೊಟ್ಟಿಲ್ಲ. ಮನೆಯಲ್ಲಿ ಇಲ್ಲವೆಂದಲ್ಲ. ಕಬ್ಬಿನ ಬಿಲ್ಲು ಬಂದಿದೆ, ಹೊಸ ಟ್ರ್ಯಾಕ್ಟರಿಗೆ ಮಾಲೆ ಬಿದ್ದಿದೆ, ಮೀಸೆಗೆ ಹಚ್ಚುವ ಕಪ್ಪು ಬಣ್ಣ ಕೂಡ ಪೇಟೆಯಿಂದ ತಪ್ಪದೆ ಬರುತ್ತದೆ. ಕೊಟ್ಟಿಲ್ಲ, ಅಷ್ಟೇ. ಯಾಕೆ ಕೊಟ್ಟಿಲ್ಲ ಎಂದು ಹೇಳಹೊರಟರೆ ಒಂದು ಬಂದೂಕು, ಒಂದು ತಿಜೋರಿ ಮತ್ತು ಒಂದು ಗೋಡೆಯ ಕತೆ ಹೇಳಬೇಕಾಗುತ್ತದೆ. ಅದಕ್ಕೂ ಮೊದಲು ಕೆಂಪವ್ವ ಯಾರೆಂದು ಹೇಳಬೇಕು.

ಕೆಂಪವ್ವ ಹುಟ್ಟಿದ್ದು ಮೂಡಲಗಿ ಕಡೆ, ಮದುವೆಯಾಗಿ ಬಂದದ್ದು ಗೋಕಾಕದ ಕೇರಿಗೆ. ಗಂಡ ಸತ್ತೆಪ್ಪ ಗೋಡೆಗೆ ತೂತು ಹಾಕುವ ಕೆಲಸದವನು. ಫ್ಯಾನು, ಪೈಪು, ಟಿ.ವಿ., ದೇವರ ಹಲಗೆ, ಏನೇ ಗೋಡೆ ಹತ್ತಬೇಕೆಂದರೂ ಸತ್ತೆಪ್ಪನ ಡ್ರಿಲ್ ಮಷೀನು ಬರಬೇಕಿತ್ತು. ಕೆಂಪವ್ವ ಕಂಡವರ ಕಟ್ಟಡಗಳಲ್ಲಿ ಸಿಮೆಂಟಿನ ಬುಟ್ಟಿ ಹೊರುತ್ತಿದ್ದಳು. ಹುಕ್ಕೇರಿಯಲ್ಲಿ ಒಂದು ಮಾಳಿಗೆಯ ಕೆಲಸಕ್ಕೆ ಹೋದಾಗ ಸತ್ತೆಪ್ಪನ ಕಾಲಡಿಯ ಹಲಗೆ ಮುರಿದು, ಅವನ ಸೊಂಟವೂ ಅದರ ಜೊತೆಗೇ ಹೋಯಿತು. ಗುತ್ತಿಗೆದಾರ ಆಸ್ಪತ್ರೆಗೆ ಬಾಳೆಹಣ್ಣು ತಂದ, ಹಣ್ಣು ಕೊಡುವಾಗ ಫೋಟೋ ತೆಗೆಸಿಕೊಂಡ, ಆಮೇಲೆ ಅವನ ಫೋನು ಎಂದೂ ಹತ್ತಲಿಲ್ಲ.

ಮಷೀನು ಮಂಚದ ಕೆಳಗೆ ಸೇರಿತು. ಅಗ್ಗಕ್ಕೆ ಸಿಗಬಹುದೆಂದು ಕೊಳ್ಳುವವರು ಬಾಗಿಲಿಗೆ ಬಂದರು.

“ಮಾರಾಕ ಅದೇನ್ ಕೋಳೀನ? ನಡೀರಿ, ನಡೀರಿ,” ಎಂದು ಕೆಂಪವ್ವ ಅವರನ್ನು ಅಟ್ಟಿದಳು. ಮರುದಿನ ತನ್ನ ಮನೆಯ ಗೋಡೆಯ ಮೇಲೆಯೇ ಕಲಿಯತೊಡಗಿದಳು. ಸತ್ತೆಪ್ಪ ಮಲಗಿದಲ್ಲಿಂದ ಬೈಯುತ್ತ ಕಲಿಸಿದ, ಇವಳು ತಿರುಗಿ ಬೈಯುತ್ತ ಕಲಿತಳು. ಗೋಡೆ ಜರಡಿಯಾಯಿತು. ಊರಿನ ಹಲ್ಲಿಗಳೆಲ್ಲ ಅಲ್ಲಿ ಬಾಡಿಗೆ ಇಲ್ಲದೆ ಸಂಸಾರ ಹೂಡಿದವು. ಕೈ ಕುದುರಿದ ಮೇಲೆ ಕೇರಿಯ ಮನೆಮನೆಯಲ್ಲೂ ಬಾಬಾಸಾಹೇಬರ ಮತ್ತು ಬುದ್ಧನ ಫೋಟೋಗಳನ್ನು ಏರಿಸಿಕೊಟ್ಟಳು. ಆಮೇಲೆ ಗೋಣಿಚೀಲದಲ್ಲಿ ಮಷೀನು ಹಾಕಿಕೊಂಡು ಊರೂರು ಹತ್ತಿದಳು. ಅರಭಾವಿಯಲ್ಲಿ ಬಾಡಿಗೆ ಕೋಣೆ ಹಿಡಿದ ಕಾಲೇಜು ಹುಡುಗಿಯರಿಗೆ ಹಗ್ಗ ಕಟ್ಟುವ ಕೊಂಡಿ, ಹುಕ್ಕೇರಿಯ ಅಂಗಡಿಗಳಿಗೆ ಬೋರ್ಡು. ಅಲ್ಲೊಬ್ಬ ಮೇಸ್ತ್ರಿ, “ಹೆಣ್ಮಕ್ಳು ಮಷೀನ ಹಿಡದ್ರ ಗ್ವಾಡಿ ಬಿರಕ ಬಿಡ್ತೈತಿ,” ಎಂದಿದ್ದ.

“ಗ್ವಾಡಿಗೇನೂ ಆಗೂದಿಲ್ರಿ ಮೇಸ್ತ್ರಿ. ಬಿರಕ ಬಿಟ್ರ ನಿಮ್ಮ ಎದಿ ಬಿಡಬೇಕು,” ಎಂದು ಹೇಳಿ ಕೆಂಪವ್ವ ಮಷೀನು ಚಾಲೂ ಮಾಡಿದ್ದಳು. ಅವನು ಇನ್ನೂ ಏನೋ ಹೇಳುತ್ತಿದ್ದ, ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಈ ಕಸುಬಿನಲ್ಲಿ ಆಕೆಗೆ ಬಹಳ ಸೇರಿದ್ದು ಅದೇ.

ಸತ್ತೆಪ್ಪ ಈಗಲೂ ಕೆಲಸ ಬಿಟ್ಟಿಲ್ಲ. ಹೊಸ ಗೋಡೆ ಎದುರಾದರೆ ಕೆಂಪವ್ವ ಅವನಿಗೆ ಫೋನು ಹಚ್ಚುತ್ತಾಳೆ. ಫೋನನ್ನು ಗೋಡೆಗೆ ಹಿಡಿದು ಪಕ್ಕದಲ್ಲಿ ಸುತ್ತಿಗೆಯಿಂದ ಬಡಿಯುತ್ತಾಳೆ. ಅವನು ಮಂಚದ ಮೇಲೆ ಅಂಗಾತ ಮಲಗಿ, ನಾಡಿ ನೋಡುವ ವೈದ್ಯನ ಹಾಗೆ ಕಣ್ಣು ಮುಚ್ಚಿ, ಒಳಗೆ ಇಟ್ಟಿಗೆಯೋ ಕಲ್ಲೋ ಮಣ್ಣೋ ಹೇಳುತ್ತಾನೆ. ಎಷ್ಟೋ ಸಲ ತಪ್ಪು ಹೇಳುತ್ತಾನೆ. ಆದರೆ ಕೇಳದೆ ಕೆಲಸ ಶುರು ಮಾಡಿದರೆ ಎರಡು ದಿನ ಮುಖ ಊದಿಸಿಕೊಳ್ಳುತ್ತಾನೆ.

ಇನ್ನು ಬಂದೂಕು. ಬೆಳೆ ಕಾಯಲೆಂದು ಮುರಿಗೆಪ್ಪನ ಅಜ್ಜನಿಗೆ ಸಿಕ್ಕಿದ್ದು, ಜೋಡು ನಳಿಕೆಯದು, ಅಪ್ಪನಿಂದ ಇಳಿದು ಇವನ ಕೈಗೆ ಬಂದಿದೆ. ಇವನ ಕಾಲದಲ್ಲಿ ಅದು ಹಂದಿಯ ಮೇಲೆ ಹಾರಿದ್ದು ಒಂದೇ ಸಲ. ಹಂದಿ ತನ್ನ ಪಾಡಿಗೆ ಕಬ್ಬಿನೊಳಗೆ ಹೋಯಿತು, ಬಾಜೂ ಹೊಲದವನ ಪಂಪ್‌ಸೆಟ್ಟಿನ ಡಬ್ಬಿ ಸತ್ತುಬಿತ್ತು. ಅಂದಿನಿಂದ ಬಂದೂಕಿಗೆ ಬೇರೆಯೇ ಕೆಲಸ ಹತ್ತಿತು. ಅಜ್ಜನ ದೊಡ್ಡ ಮನೆ ಎಂದೋ ಅಣ್ಣತಮ್ಮಂದಿರಲ್ಲಿ ಎರಡು ಪಾಲಾಗಿತ್ತು. ನಡುವೆ ಒಂದು ದಪ್ಪ ಹಳೆಯ ಗೋಡೆ, ಮುಂದೆ ಇಬ್ಬರಿಗೂ ಒಂದೇ ಅಂಗಳ. ತಮ್ಮ ಲಕ್ಷ್ಮಣ ಬದುಕಿರುವತನಕ ಪಾಲು ಪಾಲಾಗಿಯೇ ಇತ್ತು. ಅವನು ತೀರಿಕೊಂಡು ಹೆಂಡತಿ ಕಾಶೆವ್ವ ಒಬ್ಬಳೇ ಉಳಿದಾಗ, ಆ ಪಾಲು ಆಗಿಯೇ ಇಲ್ಲ ಎಂದು ಮುರಿಗೆಪ್ಪನಿಗೆ ಜ್ಞಾನೋದಯವಾಯಿತು. ಗೋಕಾಕದ ಕೋರ್ಟಿಗೆ ಹೋದ. ಕೇಸು ನಡೆದಿದೆ. ನಡೆದಿದೆ ಅಂದರೆ ವಕೀಲರು ನಡೆಯುತ್ತಿದ್ದಾರೆ, ಕೇಸು ಕೂತಿದೆ.

ಅದು ಏಳುವವರೆಗೆ ಸುಮ್ಮನಿರಲಾರದೆ, ಕಾಶೆವ್ವ ಎಮ್ಮೆ ಹಿಂಡಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಸರಿಯಾಗಿ ಸಾಹುಕಾರ ಹೊರಸಿನ ಮೇಲೆ ಕೂತು ಬಂದೂಕು ತಿಕ್ಕತೊಡಗಿದ. ನಳಿಕೆಯ ಬಾಯಿ ಯಾವಾಗಲೂ ಆಕೆಯ ಬಾಗಿಲ ಕಡೆಗೆ. ಕಾಶೆವ್ವ ಸೆರಗು ಹೊದ್ದ ಸೊಸೆ, ಗಂಡನ ಅಣ್ಣನ ಎದುರು ಮಾತಾಡುವ ರೂಢಿಯಿಲ್ಲ. ಅದಕ್ಕೆ ಎಮ್ಮೆಗೆ ಹೇಳುತ್ತಿದ್ದಳು.

“ಹೆದರಬ್ಯಾಡ ಗೌರಿ. ಕೆಲವ್ರಿಗೆ ಮಾಡಾಕ ಕೆಲಸ ಇರೂದಿಲ್ಲ, ಕಬ್ಬಣ ತಿಕ್ಕಕೋಂತ ಕುಂದರತಾರ.”

ಸಾಹುಕಾರ ಬಂದೂಕಿಗೆ ಹೇಳುತ್ತಿದ್ದ: “ಈ ಎಮ್ಮೀದು ಹಾಲ ಕಡಿಮಿ, ಬಾಯಿ ಭಾಳ.”

ಹೀಗೆ ಎಮ್ಮೆಯೂ ಬಂದೂಕೂ ಜಗಳಾಡುತ್ತಿದ್ದಾಗ ಲೈಸೆನ್ಸು ನವೀಕರಿಸುವ ಕಾಲ ಬಂತು. ಬಂದೂಕು ಎಲ್ಲಿ ಇಡುತ್ತೀರಿ ಎಂದು ನೋಡಲು ಠಾಣೆಯಿಂದ ಹವಾಲ್ದಾರ ಭೀಮರಾಯ ಬಂದ. ಅದು ಜೋಳದ ಚೀಲಗಳ ಹಿಂದೆ ಕಂಬಳಿ ಹೊದ್ದು ಮಲಗಿತ್ತು.

“ಸಾವ್ಕಾರ್ರ, ಇದೇನ್ ಬಂದೂಕೋ ಬಾಣಂತಿನೋ?” ಎಂದ ಭೀಮರಾಯ. “ಒಂದ್ ತಿಜೂರಿ ಮಾಡಸ್ರಿ. ಗ್ವಾಡಿಗೆ ಗಟ್ಟಿ ಬಿಗಸ್ರಿ. ನಾ ಹೊಳ್ಳಿ ಬಂದ ಜಗ್ಗಿ ನೋಡತೇನಿ. ಅಲಗಾಡಿದ್ರ ರಿಪೋರ್ಟ ಬರ್ಯಾಂಗಿಲ್ಲ.”

ಮುರಿಗೆಪ್ಪ ತಿಜೋರಿ ಮಾಡಿಸಿದ. ಉಕ್ಕಿನ ತಗಡಿನದು, ನಿಲ್ಲಿಸಿದರೆ ಮದುಮಗನಷ್ಟು ಎತ್ತರ. ಮಾಡಿಕೊಟ್ಟವನು ಗೋಡೆಗೆ ನಾಲ್ಕು ಪ್ಲಾಸ್ಟಿಕ್ ಗಿಟ್ಟಿ ಬಡಿದು ಸ್ಕ್ರೂ ತಿರುವಿ ಹೋದ. ಖಂಡೆ ನವಮಿಯ ದಿನ ಆಯುಧಪೂಜೆಗೆಂದು ಚೆಂಡುಹೂವಿನ ಹಾರ ಹಾಕಿ, ಕಾಯಿ ಒಡೆದು, ಸಾಹುಕಾರ ಆರತಿ ಎತ್ತಿದ. ತಿಜೋರಿ ಮೊದಲು ಸಣ್ಣಗೆ ತಲೆಬಾಗಿತು. ಭಕ್ತಿಗೆ ಮೆಚ್ಚಿತೆಂದು ಅವನು ಕಣ್ಣು ಮುಚ್ಚಿದ. ಆಮೇಲೆ ಅದು ಗೋಡೆಯ ಮಣ್ಣನ್ನೂ ಕಿತ್ತುಕೊಂಡು ಉದ್ದಕ್ಕೆ ಅಡ್ಡಬಿತ್ತು, ಅವನ ಕಾಲ ಹೆಬ್ಬೆರಳಿನ ಮೇಲೆ. ಗೋಡೆಯ ಆಚೆಯಿಂದ ಕಾಶೆವ್ವ ಎಮ್ಮೆಗೆ ಏನು ಹೇಳಿದಳೆಂಬುದನ್ನು ಇಲ್ಲಿ ಬರೆಯುವಂತಿಲ್ಲ.

ಹೆಬ್ಬೆರಳಿನ ಬಾವು ಇಳಿದ ಮೇಲೆ ಕೆಂಪವ್ವನಿಗೆ ಕರೆ ಹೋಯಿತು.

ಆಕೆ ಗೋಕಾಕದಿಂದ ಬಸ್ಸು ಹಿಡಿದು ಬಂದಾಗ ಪಡಸಾಲೆಯಲ್ಲಿ ಸಾಹುಕಾರ ಕೂತಿದ್ದ, ಪಕ್ಕದಲ್ಲಿ ಅವನ ಗೆಳೆಯ ರಾಚಪ್ಪ ಪೇಪರು ಓದುತ್ತಿದ್ದ. ರಾಚಪ್ಪನಿಗೆ ಎದುರು ಓಣಿಯಲ್ಲಿ ಸ್ವಂತ ಮನೆ ಇದೆ, ಆದರೆ ಪೇಪರು ಇರುವುದು ಇಲ್ಲಿ. ಗೋಡೆಯ ಮೇಲೆ ಬಸವಣ್ಣನ ಫೋಟೋ ಇತ್ತು. ಚಹಾ ಬಂತು. ಅವರಿಬ್ಬರಿಗೆ ಕಪ್ಪು ಬಸಿಯಲ್ಲಿ, ಕೆಂಪವ್ವನಿಗೆ ಕಾಗದದ ಕಪ್ಪಿನಲ್ಲಿ. ಮೊದಲಾದರೆ ಇಂಥವರ ಮನೆಯಲ್ಲಿ ಬೇರೆ ಗ್ಲಾಸು ಹೊರಗಿನ ಗೂಡಿನಲ್ಲಿ ಇರುತ್ತಿತ್ತು. ಈಗ ಮಡಿ ಎನ್ನುವುದು ಅಂಗಡಿಯಲ್ಲೇ ಕಟ್ಟುಗಟ್ಟಲೆ ಸಿಗುತ್ತದೆ, ಬಳಸಿ ಬಿಸಾಡಬಹುದು. ಕೆಂಪವ್ವ ಚಹಾ ಕುಡಿದು, ಆ ಕಪ್ಪನ್ನು ಬಸವಣ್ಣನ ಎದುರಿನ ಟೀಪಾಯಿಯ ಮೇಲೆ ಇಟ್ಟು ಎದ್ದಳು.

ಗೋಡೆಗೆ ಫೋನು ಹಿಡಿದು ಸುತ್ತಿಗೆ ಬಡಿದಳು.

“ಏನ್ ಅಂತೈತಿ?”

“ಡಬ ಡಬ ಅಂತೈತಲೇ,” ಎಂದ ಸತ್ತೆಪ್ಪ ಗೋಕಾಕದಿಂದ. “ಎರಡ ಕಡಿ ಕಲ್ಲ ಐತಿ, ನಡುವ ಮಣ್ಣ ಸುರದಾರ. ಮ್ಯಾಲ ಪೈಲ್ವಾನ, ಒಳಗ ಹುಗ್ಗಿ. ಇದರಾಗ ಬೋಲ್ಟ ನಿಂದ್ರೂದಿಲ್ಲ. ಆರಪಾರ ಹಾಕು.”

ಈ ಸಲ ಸತ್ತೆಪ್ಪ ಹೇಳಿದ್ದು ಸರಿಯಿತ್ತು. ಕೆಂಪವ್ವ ಸಾಹುಕಾರನಿಗೆ ಬಿಡಿಸಿ ಹೇಳಿದಳು.

“ಬೋಲ್ಟ ಈ ಕಡಿ ಹೊಕ್ಕು ಆ ಕಡಿ ಹೊಂಡಬೇಕ್ರಿ. ಆ ಕಡಿ ಕಬ್ಬಣದ ಪಟ್ಟಿ ಇಟ್ಟು ನಟ್ಟ ಬಿಗಿದ್ರ, ಗ್ವಾಡೀನ ಎರಡೂ ಬಾಜೂದಿಂದ ಗಪ್ಪನ ಹಿಡಕೋತೈತಿ. ಆನಿ ಬಂದ ಜಗ್ಗಿದ್ರೂ ಬರೂದಿಲ್ಲ. ಆ ಕಡಿ ಯಾರದ್ರಿ?”

“ನಮ್ಮದ.”

ಈ ‘ನಮ್ಮದ’ ಎಂಬ ಮಾತು ಈ ಸೀಮೆಯ ಅಣ್ಣತಮ್ಮಂದಿರ ಬಾಯಲ್ಲಿ ಬಹಳ ಅಗಲವಾದದ್ದು. ಪಾಲಾಗಿ ಹೋದ ಹೊಲವೂ ನಮ್ಮದ, ಮಾರಿ ತಿಂದ ಬಾವಿಯೂ ನಮ್ಮದ, ಅತ್ತೆಯ ಮನೆಯವರು ಕಡಿದುಕೊಂಡು ಹೋದ ಬೇವಿನ ಗಿಡವೂ ನಮ್ಮದ. ಸುಮ್ಮನೆ ಹೋಗುವಾಗ ಹೇಳಿದರೆ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೇರಿಯಿಂದ ಬಂದ ಕೆಂಪವ್ವನಿಗೆ ‘ನಮ್ಮದ’ ಅಂದುಕೊಳ್ಳಲು ಅಷ್ಟೆಲ್ಲ ಇರಲಿಲ್ಲ, ಹಾಗಾಗಿ ಆಕೆ ಅದನ್ನು ಇದ್ದ ಅರ್ಥದಲ್ಲೇ ತೆಗೆದುಕೊಂಡಳು. ಆದರೂ ಇನ್ನೊಮ್ಮೆ ಕೇಳಿದಳು.

“ಆ ಕಡಿ ಮಂದಿ ಗಿಂದಿ ಅದಾರೇನ್ರಿ? ಒಮ್ಮಿ ಹೋಗಿ ನೋಡಲ್ಯಾ?”

“ಆ ಕಡೀನೂ ನಮ್ಮದ ಅಂದ್ನೆಲ್ಲ! ಹಾಕ ನೀ!”

ಪೇಪರಿನ ಹಿಂದಿನಿಂದ ರಾಚಪ್ಪನೂ ಸೇರಿಸಿದ: “ಎರಡೂ ಕಡಿ ಅವರದ ಐತಿ ಹಾಕ ಯವ್ವಾ. ಅಜ್ಜನ ಕಾಲದ ಮನಿ.”

ಕೆಂಪವ್ವ ಕೊರೆಯುವ ಉದ್ದನೆಯ ಕಡ್ಡಿ ಸಿಕ್ಕಿಸಿ, ಸೀರೆಯ ಸೆರಗು ಬಿಗಿದು ಕಟ್ಟಿ, ಮಷೀನು ಗೋಡೆಗೆ ಒತ್ತಿದಳು.

ಆ ಕಡೆ ಕಾಶೆವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಗೋಡೆ ಗುರುಗುಟ್ಟತೊಡಗಿದಾಗ ಸಾಹುಕಾರ ಹೊಸ ಮಿಕ್ಸರು ತಂದಿರಬೇಕೆಂದುಕೊಂಡಳು. ಅಷ್ಟರಲ್ಲಿ ಆಕೆಯ ಕಿವಿಯ ಪಕ್ಕದಲ್ಲಿ ಗೋಡೆ ಢಂ ಎಂದು ಸಿಡಿದು, ಒಂದು ಕಲ್ಲಿನ ಚಕ್ಕೆ ಹಾರಿ ತಾಮ್ರದ ಕೊಡಕ್ಕೆ ಬಡಿಯಿತು. ಮಣ್ಣೆಲ್ಲ ರೊಟ್ಟಿಯ ಹಿಟ್ಟಿನ ಮೇಲೆ. ಗೋಡೆಯಲ್ಲಿ ದುಂಡಗಿನ ತೂತು, ತೂತಿನಲ್ಲಿ ಹೊಗೆಯಂಥ ಧೂಳು. ಅಷ್ಟು ದಿನ ಬಾಗಿಲ ಕಡೆಗೆ ತೋರಿಸಿದ್ದ ನಳಿಕೆ ಕಡೆಗೂ ತನ್ನ ಕೆಲಸ ಮಾಡಿತೆಂದೇ ತಿಳಿದ ಕಾಶೆವ್ವ ಹಿಟ್ಟಿನ ಕೈಯಲ್ಲೇ ಓಣಿಗೆ ಓಡಿದಳು.

“ಗುಂಡ ಹೊಡದ್ನೆಪ್ಪೋ! ನಮ್ಮ ಭಾವ ಗುಂಡ ಹೊಡದ್ನೋ! ಕೋರ್ಟನ್ಯಾಗ ಗೆಲ್ಲಾಕ ಆಗಲಿಲ್ಲಂತ ನನ್ನ ಕೊಂದ ಮನಿ ತಗೋಳಾಕ ನಿಂತಾನೋ!”

ಓಣಿ ತುಂಬಿತು. ಹಳ್ಳಿಯಲ್ಲಿ ಕೆಲಸಕ್ಕೆ ಕರೆದರೆ ಸಿಗದ ಮಂದಿ ಇಂಥ ಕರೆಗೆ ಎಲ್ಲಿಂದ ಬರುತ್ತಾರೋ, ಕಟ್ಟೆಯ ಮೇಲೆ ಕಾಲಿಡಲು ಜಾಗ ಉಳಿಯಲಿಲ್ಲ. ಅದೇ ದಿನ ತಿಜೋರಿ ಜಗ್ಗಿ ನೋಡಬೇಕೆಂದು ಭೀಮರಾಯ ಬೈಕಿನಲ್ಲಿ ಬರುತ್ತಿದ್ದ. ಗುಂಡು ಎಂಬ ಮಾತು ಕಿವಿಗೆ ಬಿದ್ದದ್ದೇ, ಬೈಕನ್ನು ಅಂಗಳದಲ್ಲಿ ಬಿಟ್ಟು ನೆಟ್ಟಗೆ ಜೋಳದ ಚೀಲಗಳ ಹತ್ತಿರ ಹೋದ. ಬಂದೂಕು ಹೊರಗೆ ತಂದು, ನಡುವೆ ಮಡಚಿ ತೆರೆದು, ನಳಿಕೆಯಲ್ಲಿ ಕಣ್ಣಿಟ್ಟ. ಮೂಸಿದ.

“ಸಾವ್ಕಾರ್ರ, ಹೊರಗ ಅಷ್ಟ ತಿಕ್ಕೀರಿ. ಒಳಗ ಜ್ಯಾಡ ಮನಿ ಕಟ್ಟೇತಿ, ಮಕ್ಕಳೂ ಆಗ್ಯಾವ,” ಎಂದ ಭೀಮರಾಯ. “ಇದರಾಗಿಂದ ಗುಂಡ ಹಾರೂದ ದೂರ ಉಳೀತು, ಜ್ಯಾಡ ಸೈತ ಹೊರಗ ಬರೂದಿಲ್ಲ.”

ಕಟ್ಟೆಯ ಮೇಲೆ ನಗೆ ಎದ್ದಿತು. ಆ ನಗೆಯಿಂದಲೇ ಕೆಟ್ಟದ್ದು ಶುರುವಾದದ್ದು. ಮುರಿಗೆಪ್ಪನಿಗೆ ಕಾಶೆವ್ವ ಬೈದದ್ದು ಹತ್ತಲಿಲ್ಲ, ತಿಜೋರಿ ಬಿದ್ದದ್ದು ಹತ್ತಲಿಲ್ಲ. ಊರ ಮುಂದೆ ಬಂದೂಕಿನಲ್ಲಿ ಜೇಡ ಸಿಕ್ಕಿದ್ದು ಹತ್ತಿತು. ಸಿಟ್ಟು ಇಳಿಸಲು ಹತ್ತಿರದಲ್ಲಿ ಯಾರಿದ್ದಾರೆ ಎಂದು ನೋಡಿದ. ಮಷೀನು ಹಿಡಿದು, ಮೈಯೆಲ್ಲ ಮಣ್ಣಾಗಿ, ಕೆಂಪವ್ವ ಬಾಗಿಲಲ್ಲಿ ನಿಂತಿದ್ದಳು.

“ಇಕೀನ್ನ ಹಿಡೀರಿ! ಗ್ವಾಡಿ ಆರಪಾರ ಮಾಡಂತ ಇಕೀಗೆ ಯಾರ ಹೇಳ್ಯಾರ? ತಾನ ಹಾಕಿದ್ಲು. ಮಂದಿ ಮನಿ ಒಡಿಯಾಕ ಬಂದಾಳ. ನನ್ನ ಕಂಪ್ಲೇಂಟ ತಗೋರಿ, ಮಷೀನ ಜಪ್ತ ಮಾಡ್ರಿ!”

ಭೀಮರಾಯನಿಗೂ ಬೇಕಿತ್ತು ಏನಾದರೊಂದು. ಗುಂಡು ಹಾರಿದೆ ಎಂದು ಊರೇ ಕೂಗಿದ ಮೇಲೆ ಬರಿಗೈಯಲ್ಲಿ ಠಾಣೆಗೆ ಹೋಗುವುದು ಹೇಗೆ? ಆತ ಕೆಂಪವ್ವನ ಕೈಯಿಂದ ಮಷೀನು ತೆಗೆದುಕೊಂಡು, ವೈರು ಸುತ್ತಿ, ಬೈಕಿನ ಹಿಂದೆ ರಬ್ಬರಿನಿಂದ ಕಟ್ಟಿದ.

“ನಾಳಿ ಠಾಣೇಕ ಬಾರವ್ವ. ಸಾಹೇಬ್ರ ಬಂದ ಮ್ಯಾಲ ನೋಡೂಣು.”

ಕೆಂಪವ್ವ ಯಾರ ಮುಂದೆಯೂ ಅಳುವವಳಲ್ಲ, ಅವತ್ತೂ ಅಳಲಿಲ್ಲ. ಆದರೆ ಹಾಗೆ ಹೋದ ಸಾಮಾನು ಹೇಗೆ ಬರುತ್ತದೆಂದು ಆಕೆಗೆ ಗೊತ್ತು. ಕೇರಿಯವನೊಬ್ಬನ ತಳ್ಳುಗಾಡಿ ಹೀಗೆಯೇ ಹೋಗಿ, ಬೇವಿನ ಗಿಡದ ಬುಡದಲ್ಲಿ ಮಳೆ ಬಿಸಿಲು ತಿಂದು, ಚಕ್ರಗಳನ್ನು ಯಾರೋ ಬಿಚ್ಚಿಕೊಂಡ ಮೇಲೆ ವಾಪಸಾಗಿತ್ತು. ಮಷೀನು ಹೋದರೆ ಮತ್ತೆ ಸಿಮೆಂಟಿನ ಬುಟ್ಟಿ, ಅದೂ ಈ ವಯಸ್ಸಿನ ಕುತ್ತಿಗೆಯ ಮೇಲೆ. ಸತ್ತೆಪ್ಪ ಮಲಗಿದಲ್ಲಿಂದ ಗೋಡೆ ಕೇಳುವುದೂ ಮುಗಿಯುತ್ತದೆ, ಆಮೇಲೆ ಅವನು ಬರೀ ಮಲಗಿದವನು.

ಆಕೆ ರಾಚಪ್ಪನ ಕಡೆ ತಿರುಗಿದಳು. ಅವನು ಪೇಪರು ಮಡಚಿ ಬಗಲಲ್ಲಿಟ್ಟುಕೊಂಡು ಗುಂಪಿನಲ್ಲಿ ಸೇರಿದ್ದ.

“ಕಾಕಾರ, ನೀವ ಅಲ್ಲೇ ಕುಂತಿದ್ರಿ. ಎರಡೂ ಕಡಿ ಅವರದ ಅಂತ ನೀವ ಹೇಳಿದ್ರಿ. ಒಂದ ಮಾತ ಹೇಳ್ರಿ ಹವಾಲ್ದಾರ್ರಿಗೆ.”

ರಾಚಪ್ಪ ಆಕಾಶ ನೋಡಿದ. “ನನಗ ಈಗೀಗ ಕಿವಿ ಮಂದ ಆಗೇತವ್ವ. ಪೇಪರ ಓದಾಕತ್ತಿದ್ದೆ. ಏನ್ ಮಾತ ಆತೋ ಏನೋ.”

ಹಿಂದಿನ ಓಣಿಯಲ್ಲಿ ಹಾಲಿನ ಡೇರಿಯ ಕ್ಯಾನು ಸದ್ದಾದರೆ ಎದ್ದು ಕೂರುವ ಕಿವಿ ಅದು. ಉಳಿದವರೂ ಕಾಲು ನೋಡಿಕೊಂಡರು. ಬಾಗಿಲ ಹೊರಗೆ ನಿಂತು, ಸಾಹುಕಾರ ‘ಹಾಕ ನೀ’ ಎಂದು ಕೂಗಿದ್ದನ್ನು ಕೇಳಿದವರು ಅಲ್ಲಿ ಇನ್ನೂ ಇಬ್ಬರಿದ್ದರು. ಒಬ್ಬನಿಗೆ ಸಾಹುಕಾರನ ಟ್ರ್ಯಾಕ್ಟರು ಬೇಕಿತ್ತು, ಇನ್ನೊಬ್ಬನಿಗೆ ಏನೂ ಬೇಕಿರಲಿಲ್ಲ, ಸುಮ್ಮನೆ ಬಾಯಿ ಬರಲಿಲ್ಲ. ಊರೂರು ಹೀಗೆಯೇ. ಧರಣಿ ಕೂತಾಗ ನೋಡಲು ಬರುವ ಮಂದಿ ಬೇಕಾದಷ್ಟು, ಪಕ್ಕದಲ್ಲಿ ಕೂರುವ ಮಂದಿ ಕಡಿಮೆ.

ಭೀಮರಾಯ ಬೈಕಿಗೆ ಕಾಲು ಹಾಕಿದ. ಕೆಂಪವ್ವ ಹೋಗಿ ಮುಂದಿನ ಚಕ್ರಕ್ಕೆ ಅಡ್ಡ ನಿಂತಳು. ಕಾಶೆವ್ವ ಓಣಿಯಲ್ಲಿ ಕೂಗಿದ ಕೋರ್ಟಿನ ಮಾತು ಆಕೆಯ ತಲೆಯಲ್ಲಿ ಈಗ ತಾನೇ ಸರಿಯಾಗಿ ಕೂತಿತ್ತು.

“ಒಯ್ರಿ ಸಾಹೇಬ್ರ, ಬ್ಯಾಡ ಅನ್ನೂದಿಲ್ಲ. ನಾ ಮಂದಿ ಗ್ವಾಡಿ ಒಡದೇನಿ ಅಂತ ಕಂಪ್ಲೇಂಟ ಐತಲ್ರಿ? ಹಂಗಾರ ಅದು ಯಾರ ಮನಿ ಅಂತ ಬರಕೋರಿ. ನಾ ಹೇಳೂದ ಬ್ಯಾಡ. ಸಾವ್ಕಾರ್ರು ಊರ ಮುಂದ ನಿಂತಾರ, ಅವರ ಬಾಯಿಂದ ಬರ್ಲಿ. ಗ್ವಾಡಿ ಆ ಕಡಿ ಯಾರದ್ರಿ, ಸಾವ್ಕಾರ್ರ?”

ಮುರಿಗೆಪ್ಪ ಹವಾಲ್ದಾರನ ಕಡೆ ನೋಡಿದ, ಕಾಶೆವ್ವನ ಬಾಗಿಲ ಕಡೆ ನೋಡಿದ.

“ಹೇಳ್ರಿ,” ಎಂದಳು ಕೆಂಪವ್ವ. “ಆ ಕಡಿ ನಂದಲ್ಲ, ಕಾಶೆವ್ವಂದು ಅನ್ರಿ. ಅಂದ ಕೂಡ್ಲೇ ಮಷೀನ ಬಿಟ್ಟ ಹೊಕ್ಕೇನಿ. ಠಾಣೇಕೂ ಬರತೇನಿ, ಜೇಲಿಗೂ ಬರತೇನಿ.”

ಕಟ್ಟೆ ಚುರುಕಾಯಿತು. ಕೋರ್ಟಿನ ಸಂಗತಿ ಅಲ್ಲಿನ ಮಕ್ಕಳಿಗೂ ಗೊತ್ತಿತ್ತು. ‘ಕಾಶೆವ್ವನದು’ ಎಂದು ಹವಾಲ್ದಾರನ ಮುಂದೆ, ಇಡೀ ಓಣಿ ಕೇಳುವಂತೆ ಅಂದರೆ, ವಕೀಲನಿಗೆ ಕೊಟ್ಟದ್ದೆಲ್ಲ ಹೊಳೆಗೆ ಹೋದ ಹಾಗೆ. ‘ನಮ್ಮದು’ ಎಂದರೆ, ತನ್ನ ಗೋಡೆಗೆ ತಾನೇ ಕೂಲಿ ಕರೆದು ತೂತು ಹಾಕಿಸಿದ ಮೇಲೆ ಕಂಪ್ಲೇಂಟು ಯಾರದು, ಯಾರ ಮೇಲೆ? ಸಾಹುಕಾರ ಮೀಸೆಯ ಒಂದು ತುದಿ ತಿರುವಿದ, ಅದು ಕೆಲಸ ಮಾಡಲಿಲ್ಲ. ಇನ್ನೊಂದು ತುದಿ ತಿರುವಿದ.

ಆಗ ಕಾಶೆವ್ವ ಮುಂದೆ ಬಂದಳು. ಎಮ್ಮೆ ದೂರ ಕಟ್ಟಿತ್ತು, ನೆಟ್ಟಗೆ ಭಾವನಿಗೇ ಹೇಳಿದಳು. ಸೊಸೆಯಾಗಿ ಬಂದ ಮೇಲೆ ಅವನ ಮುಖ ನೋಡಿ ಆಡಿದ ಮೊದಲ ಮಾತು.

“ಹೇಳ್ರಿ ಭಾವಾರ. ಯಾರದು?”

ಆ ಧ್ವನಿ ಕೇಳಿ ಮುರಿಗೆಪ್ಪನ ವಂಶಾಭಿಮಾನವೆಲ್ಲ ಒಮ್ಮೆಗೇ ಉಕ್ಕಿತು. “ಯಾರದಂದ್ರ? ನಮ್ಮದ! ಅಜ್ಜನ ಕಾಲದಿಂದ ಆ ಕಡೀನೂ ನಮ್ಮದ, ಈ ಕಡೀನೂ ನಮ್ಮದ!”

“ಆತಲ್ಲ,” ಎಂದಳು ಕೆಂಪವ್ವ. ಬೈಕಿನ ಹಿಂದಕ್ಕೆ ಹೋಗಿ ರಬ್ಬರು ಬಿಚ್ಚಿ ಮಷೀನು ಎತ್ತಿಕೊಂಡಳು. ಭೀಮರಾಯ ತಡೆಯಲಿಲ್ಲ. ಬೈಕಿನಿಂದ ಇಳಿದು ಟೋಪಿ ತೆಗೆದು ತಲೆ ಕೆರೆದುಕೊಂಡ.

“ಹಂಗಾದ್ರ ಕೇಸ ಇಲ್ಲ ಬಿಡ್ರಿ, ಸಾವ್ಕಾರ್ರ. ಬಂದದ್ದ ಬಂದೇನಿ, ತಿಜೂರಿ ಬಿಗಸ್ರಿ, ಜಗ್ಗಿ ನೋಡಿ ಹೊಕ್ಕೇನಿ. ಇವತ್ತ ಆಗಲಿಲ್ಲಂದ್ರ ರಿಪೋರ್ಟ ಇಲ್ಲ. ನಡೀರಿ, ಆ ಕಡೀನೂ ನಿಮ್ಮದ ಅಂದ್ರಲ್ಲ, ಒಳಗ ಹೋಗಿ ನಟ್ಟ ಹಾಕಸ್ರಿ.”

ಕಾಶೆವ್ವ ಆಗಲೇ ತನ್ನ ಬಾಗಿಲಲ್ಲಿ ನಿಂತಾಗಿತ್ತು, ಕೈಯಲ್ಲಿ ಎಮ್ಮೆ ಕಾಯುವ ಬಡಿಗೆ. ‘ನಮ್ಮದ’ ಎಂಬ ಮನೆಯೊಳಗೆ ಕಾಲಿಡಲು ಮುರಿಗೆಪ್ಪ ಒಂದು ಹೆಜ್ಜೆ ಹಾಕಿದ, ಬಡಿಗೆ ನೋಡಿದ, ಹೆಬ್ಬೆರಳು ನೆನಪಾಗಿ ನಿಂತ.

“ಗಂಡಸ ಮಂದಿ ಯಾರೂ ಬರೂದ ಬ್ಯಾಡ,” ಎಂದಳು ಕಾಶೆವ್ವ. ಕೆಂಪವ್ವನ ಕಡೆ ನೋಡಿ, “ನೀ ಬಾ ಯಕ್ಕಾ. ಚಪ್ಪಲಿ ಹಾಕ್ಕೊಂಡ ಬಾ, ಒಳಗ ಕಲ್ಲ ಬಿದ್ದಾವ.”

ಕೇರಿಯ ಹೆಂಗಸು ಚಪ್ಪಲಿ ಕಾಲಲ್ಲಿ ಅಡುಗೆಮನೆಗೆ ಹೋದದ್ದನ್ನು ಇಡೀ ಓಣಿ ನೋಡಿತು. ಯಾರೂ ಇದನ್ನು ಸಮಾಜ ಸುಧಾರಣೆ ಎಂದು ತಿಳಿದುಕೊಳ್ಳಬಾರದು. ಕಾಶೆವ್ವ ಮರುದಿನ ನೆಲ ಸಾರಿಸಿದ್ದರೂ ಸಾರಿಸಿರಬಹುದು. ಅಂದು ಆಕೆಗೆ ಭಾವನ ಹೊಟ್ಟೆ ಉರಿಸಬೇಕಿತ್ತು. ದೊಡ್ಡ ದೊಡ್ಡ ಭಾಷಣಕ್ಕೆ ತೆರೆಯದ ಬಾಗಿಲು ಹೊಟ್ಟೆಯುರಿಗೆ ತೆರೆಯಿತು. ತೆರೆದಾಗ ಕೆಂಪವ್ವ ಕಾರಣ ಕೇಳುತ್ತ ನಿಲ್ಲಲಿಲ್ಲ.

ಸಾಹುಕಾರನ ಕಡೆಯಿಂದ ಉಳಿದ ಮೂರು ತೂತು ಹಾಕಿ, ಬೋಲ್ಟು ತೂರಿಸಿ ಮತ್ತೆ ಬಂದು, ಒಲೆಯ ಮೇಲಿನ ಗೋಡೆಗೆ ಕಬ್ಬಿಣದ ಪಟ್ಟಿ ಹಿಡಿದು, ನಟ್ಟು ತಿರುವುವ ಪಾನಾ ತೆಗೆದುಕೊಂಡು ಬಿಗಿಯತೊಡಗಿದಳು. ಕಾಶೆವ್ವ ಹಿಟ್ಟಿನಲ್ಲಿನ ಮಣ್ಣು ಆರಿಸುತ್ತ ಕೇಳಿದಳು.

“ಯಕ್ಕಾ, ಇದು ಆ ಕಡಿಂದ ಬಿಚ್ಚಾಕ ಬರ್ತೈತೇನ?”

“ಆ ಕಡಿ ಬರೀ ಬೋಲ್ಟಿನ ತಲಿ ಐತಿ. ಅದೂ ತಿಜೂರಿ ಒಳಗ.”

“ಈ ಕಡಿಂದ?”

“ಪಾನಾ ಇದ್ರ ಬರ್ತೈತಿ.”

ಕಾಶೆವ್ವ ಹಿಟ್ಟು ನಾದತೊಡಗಿದಳು. “ಭಾವ ಆ ಕಡೀನೂ ನಂದ ಅಂದಾನ. ನಂದೂ ಆ ಕಡಿ ಒಂದ್ ಸ್ವಲ್ಪ ಇರಲಿ. ಗಟ್ಟಿ ಬಿಗಿ ಯಕ್ಕಾ. ಆ ಪಾನಾ ಇಲ್ಲೇ ಬಿಟ್ಟ ಹೋಗು, ರೊಕ್ಕ ಕೊಡತೇನಿ.”

ಕೊಟ್ಟಳು ಕೂಡ, ಕೈಯಲ್ಲಿ. ಜೊತೆಗೆ ಎರಡು ರೊಟ್ಟಿ, ಮಣ್ಣಿಲ್ಲದವು.

ಭೀಮರಾಯ ತಿಜೋರಿಗೆ ಎರಡೂ ಕೈ ಹಾಕಿ, ಗೋಡೆಗೆ ಕಾಲು ಕೊಟ್ಟು ಜಗ್ಗಿದ. ಅವನ ಬೆಲ್ಟು ಕಳಚಿತು, ತಿಜೋರಿ ಮಿಸುಕಲಿಲ್ಲ. ಅಲುಗಾಡಲಿಲ್ಲ ಎಂದು ಬರೆದುಕೊಂಡು ಹೋದ. ಹವಾಲ್ದಾರ ಓಣಿ ದಾಟಿದ ಮೇಲೆ ಕೆಂಪವ್ವ ಪಗಾರ ಕೇಳಿದಳು.

“ನಟ್ಟ ಅಕೀ ಕಡಿ ಇಟ್ಟ ಬಂದೀದಿ. ಪಗಾರಾನೂ ಅಕೀನ್ನ ಕೇಳು,” ಎಂದ ಮುರಿಗೆಪ್ಪ.

“ಅಕೀ ಕಡಿ ಅಂದ್ರ ಯಾವ ಕಡೀರಿ, ಸಾವ್ಕಾರ್ರ?”

ಅವನು ಬಾಗಿಲು ಹಾಕಿಕೊಂಡ.

ಈಗಲೂ ಅವನು ಒಮ್ಮೊಮ್ಮೆ ಸಂಜೆ ಬಂದೂಕು ಹೊರಗೆ ತಂದು ಹೊರಸಿನ ಮೇಲೆ ಕೂರುತ್ತಾನಂತೆ. ಆಗ ಗೋಡೆಯ ಆಚೆಯಿಂದ ಕಾಶೆವ್ವ ಪಾನಾದಿಂದ ನಟ್ಟಿನ ಮೇಲೆ ಒಂದು ಪೆಟ್ಟು ಹಾಕುತ್ತಾಳೆ, ಟಣ್ ಎಂದು. ಸಾಹುಕಾರ ಎದ್ದು ಹೋಗಿ ಮೊದಲು ತಿಜೋರಿ ಮುಟ್ಟಿ ನೋಡುತ್ತಾನೆ, ಆಮೇಲೆ ಬಂದೂಕನ್ನು ಒಳಗಿಟ್ಟು ಕೀಲಿ ಹಾಕುತ್ತಾನೆ.

ಅಂದು ಕೆಂಪವ್ವ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ರಾಚಪ್ಪ ಅಲ್ಲಿಗೆ ಬಂದ. ಆಚೀಚೆ ನೋಡಿ, ಹತ್ತಿರ ಸರಿದು, ದನಿ ಇಳಿಸಿದ.

“ಖರೆ ಹೇಳಬೇಕಂದ್ರ ನನಗ ಕೇಳಿಸಿತ್ತವ್ವ. ಆದ್ರ ದಿನಾ ಮುಖ ನೋಡೂ ಮಂದಿ. ಹೆಂಗ ಹೇಳೂದು?”

“ಈಗ ಹೇಳಾಕತ್ತೀರಲ್ಲ ಕಾಕಾರ, ಇದ ಬಾಯಿ,” ಎಂದಳು ಕೆಂಪವ್ವ. “ಅಲ್ಲಿ ಏನ್ ಗಿರವಿ ಇಟ್ಟಿದ್ರ್ಯಾ?”

ಬಸ್ಸು ಬಂತು. ಆಕೆ ಮಷೀನು ತೊಡೆಯ ಮೇಲಿಟ್ಟುಕೊಂಡು ಕಿಟಕಿಗೆ ಕೂತಳು, ಎರಡೂ ಕೈ ಅದರ ಮೇಲೆ. ಗೋಕಾಕ ಬರುವವರೆಗೆ ಕೈ ತೆಗೆಯಲಿಲ್ಲ.

ಆ ಮಷೀನು ಉಳಿದದ್ದು ಆಕೆಗೆ ನಾಲಿಗೆ ಇದ್ದುದರಿಂದ, ಸಾಹುಕಾರನಿಗೆ ಬುದ್ಧಿ ಇಲ್ಲದ್ದರಿಂದ. ಎಲ್ಲ ಸಲವೂ ಎರಡೂ ಒಟ್ಟಿಗೆ ಸಿಗುವುದಿಲ್ಲ. ನಿಮ್ಮ ಓಣಿಯಲ್ಲೂ ಯಾರದೋ ಮಷೀನು, ಯಾರದೋ ತಳ್ಳುಗಾಡಿ, ಯಾರದೋ ತಕ್ಕಡಿ ಹೀಗೆ ಬೈಕಿನ ಹಿಂದೆ ಏರುತ್ತದೆ. ಅದು ಏರುವ ಮೊದಲು ಆಡಿದ ಮಾತನ್ನು ನೀವು ಕೇಳಿಸಿಕೊಂಡಿರುತ್ತೀರಿ. ಕಾಲು ನೋಡಿಕೊಳ್ಳಬೇಡಿ, ಆಕಾಶ ನೋಡಬೇಡಿ, ಆಮೇಲೆ ಬಸ್‌ಸ್ಟ್ಯಾಂಡಿಗೆ ಬಂದು ಕಿವಿಯಲ್ಲಿ ಪಿಸುಗುಟ್ಟಬೇಡಿ. ಬೈಕು ಚಾಲೂ ಆಗುವ ಮೊದಲು ಕಟ್ಟೆಯಿಂದ ಇಳಿಯಿರಿ. ‘ನಾನು ಕೇಳಿದೆ’ ಎಂದು ಅಲ್ಲಿಯೇ ಹೇಳಿ, ಎಲ್ಲರಿಗೂ ಕೇಳಿಸುವಂತೆ.